ಅಮಿನ್‌ದಿವಿಯ ಧಕ್ಕೆಯೂ ಹೊಸೂರಿನ ಹಳಿಯೂ

ಹೊಸೂರು, ಕೃಷ್ಣಗಿರಿ ಸೀಮೆಯ ಶಾಲೆಗಳಲ್ಲಿ ‘ಬಂದರು’ ಎಂಬ ಪಾಠವನ್ನು ಹೇಳುವ ಅಧ್ಯಾಪಕನಿಗೆ ಒಂದು ತೊಡಕುಂಟು. ಇದಿರಿಗೆ ಕುಳಿತ ಮಕ್ಕಳಲ್ಲಿ ಕಡಲನ್ನು ಕಂಡವರು ಕೆಲವರೇ. ಅವರಿಗೆ ಕೆರೆ ಗೊತ್ತು, ದಕ್ಷಿಣ ಪಿನಾಕಿನಿ ಗೊತ್ತು, ಕೃಷ್ಣಗಿರಿಯ ಅಣೆಕಟ್ಟು ಗೊತ್ತು. ಹಡಗು ಎಂದರೆ ಚಿತ್ರದ ಹಡಗು. ಬಂದರು ಎಂದರೆ ಪರೀಕ್ಷೆಯಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ಎಂಬಲ್ಲಿ ಬರೆಯಬೇಕಾದ ಒಂದು ಹೆಸರು. ಕಡಲ ಮಟ್ಟಕ್ಕಿಂತ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿರುವ ನಮಗೆ ಬಂದರಿನ ಗೊಡವೆ ಏಕೆ ಎಂದು ಹಿರಿಯರೂ ಕೇಳುವುದುಂಟು. ಆದರೆ ಚರಿತ್ರೆಯ ಪುಟಗಳನ್ನು ಸ್ವಲ್ಪ ಹಿಂದಕ್ಕೆ ತಿರುವಿದರೆ, ಅರಬ್ಬೀ ಸಮುದ್ರದ ನಡುವೆ ಇರುವ ಐದು ಪುಟ್ಟ ದ್ವೀಪಗಳಿಗೂ ನಮ್ಮ ಈ ಬೆಟ್ಟದ ಸೀಮೆಗೂ ಒಂದು ವಿಚಿತ್ರವಾದ ನಂಟು ಕಾಣಿಸುತ್ತದೆ. ಆ ನಂಟಿನ ಕಥೆಯೇ ಪ್ರಕೃತ ಲೇಖನದ ವಸ್ತು. ದ್ವೀಪವೊಂದಕ್ಕೆ ಸರಕು ಮುಟ್ಟಿಸುವ ಏರ್ಪಾಡು ಹೇಗೆ ಬೆಳೆಯಿತು, ಎಲ್ಲಿ ನಿಂತಿತು ಎಂಬುದನ್ನು ತಿಳಿದರೆ, ಗಡಿಯ ಸೀಮೆಯವರಾದ ನಮಗೂ ಕಲಿಯಬೇಕಾದ ಒಂದು ಪಾಠವಿದೆಯೆಂಬುದು ನನ್ನ ನಂಬಿಕೆ.

ಒಂದೇ ವರ್ಷ, ಎರಡು ಅಂಚುಗಳು

ಮಂಗಳೂರಿನಿಂದ ಪಡುವಣಕ್ಕೆ ಕಡಲಿನಲ್ಲಿ ನೂರಾರು ಕಿಲೋಮೀಟರು ಸಾಗಿದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ದ್ವೀಪಗಳು ದೊರೆಯುತ್ತವೆ. ಇವಕ್ಕೆ ಒಟ್ಟಾಗಿ ಅಮಿನ್‌ದಿವಿ ದ್ವೀಪಗಳೆಂದು ಹೆಸರು. ಇಂದು ಇವು ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿವೆ. ಅಮಿನಿಯ ವಿಸ್ತಾರ ಮೂರು ಚದರ ಕಿಲೋಮೀಟರಿಗೂ ಕಡಿಮೆ. ಬಿತ್ರಾ ಅದಕ್ಕಿಂತಲೂ ಎಷ್ಟೋ ಚಿಕ್ಕದು. ತೆಂಗು ಬಿಟ್ಟರೆ ಹೇಳಿಕೊಳ್ಳುವಂಥ ಬೆಳೆಯಿಲ್ಲ. ಅನ್ನಕ್ಕೆ ಅಕ್ಕಿ ಬೇಕೆಂದರೆ ಅದು ಕಡಲನ್ನು ದಾಟಿಯೇ ಬರಬೇಕು.

ಈ ದ್ವೀಪಗಳು ಹಿಂದೆ ಕಣ್ಣಾನೂರಿನ ಅರಕ್ಕಲ್ ಮನೆತನದ ಅಧೀನದಲ್ಲಿದ್ದುವು. ಆ ಆಡಳಿತದಿಂದ ಬೇಸತ್ತ ಅಮಿನಿಯ ಜನ ಹದಿನೆಂಟನೆಯ ಶತಮಾನದ ಎಂಬತ್ತರ ದಶಕದಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಹಾಗೆ ಐದು ದ್ವೀಪಗಳು ಮೈಸೂರಿನ ಆಡಳಿತಕ್ಕೆ ಬಂದುವು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕನ್ನಡ ಜಿಲ್ಲೆಯೊಡನೆ ಅವೂ ಈಸ್ಟ್ ಇಂಡಿಯಾ ಕಂಪೆನಿಯ ಪಾಲಾದುವು.

ಇತ್ತ ನಮ್ಮ ಸೀಮೆಯ ಕಡೆಗೆ ನೋಡೋಣ. ಕೃಷ್ಣಗಿರಿ, ಧರ್ಮಪುರಿಗಳನ್ನೊಳಗೊಂಡ ಬಾರಾಮಹಲು ೧೭೯೨ರ ಒಪ್ಪಂದದಲ್ಲೇ ಟಿಪ್ಪುವಿನ ಕೈಬಿಟ್ಟಿತ್ತು. ಘಟ್ಟದ ಮೇಲಿನ ‘ಬಾಲಾಘಾಟ್’ ಎನಿಸಿಕೊಂಡ ಹೊಸೂರು ಸೀಮೆ ಮಾತ್ರ ಮೈಸೂರಿನಲ್ಲೇ ಉಳಿದಿತ್ತು. ಅದೂ ೧೭೯೯ರಲ್ಲಿ ಕಂಪೆನಿಗೆ ಸೇರಿ ಸೇಲಂ ಜಿಲ್ಲೆಯ ಭಾಗವಾಯಿತು. ಎಂದರೆ, ಮೂಡಣ ಅಂಚಿನ ಹೊಸೂರೂ ಪಡುವಣ ಅಂಚಿನ ಅಮಿನಿಯೂ ಒಂದೇ ವರ್ಷದಲ್ಲಿ ಒಂದೇ ಕೈಯಿಂದ ಜಾರಿ ಇನ್ನೊಂದು ಕೈಗೆ ಬಿದ್ದುವು. ಎರಡೂ ಮದರಾಸು ಆಧಿಪತ್ಯದೊಳಗೆ ಸೇರಿದುವು. ಬಾರಾಮಹಲಿನಲ್ಲಿ ಕ್ಯಾಪ್ಟನ್ ರೀಡನ ಕೈಕೆಳಗೆ ಏಳು ವರ್ಷ ಕಂದಾಯದ ಕೆಲಸ ಕಲಿತು, ರಯಿತವಾರಿ ಪದ್ಧತಿಗೆ ಬುನಾದಿ ಹಾಕಿದ ಥಾಮಸ್ ಮನ್ರೋ ಎಂಬಾತನನ್ನೇ ೧೭೯೯ರಲ್ಲಿ ಕನ್ನಡ ಜಿಲ್ಲೆಯ ಕಲೆಕ್ಟರನನ್ನಾಗಿ ಕಳುಹಿಸಿದರು. ನಮ್ಮ ಹೊಲಗಳನ್ನು ಅಳೆಯಿಸಿದ ಅಧಿಕಾರಿಯೇ ಮುಂದೆ ಮಂಗಳೂರಿನ ಕಡಲನ್ನು ನೋಡುತ್ತ ಕುಳಿತನು.

ಇನ್ನೂ ಒಂದು ಸ್ವಾರಸ್ಯವಿದೆ. ಅಮಿನಿಯಲ್ಲಿ ಸರಕಾರದ ಪರವಾಗಿ ಇರುತ್ತಿದ್ದ ಅಧಿಕಾರಿಗೆ ‘ಮೊನೆಗಾರ’ ಎಂದು ಹೆಸರು. ನಮ್ಮ ಹಳ್ಳಿಗಳಲ್ಲಿ ಕಂದಾಯ ಎತ್ತುತ್ತಿದ್ದವನನ್ನು ಹಿರಿಯರು ಮಣಿಯಗಾರನೆಂದು ಕರೆಯುತ್ತಿದ್ದುದು ವಾಚಕರಿಗೆ ನೆನಪಿರಬಹುದು. ಎರಡೂ ಒಂದೇ ಮಾತು. ಬೆಟ್ಟದ ಮೇಲಿನ ಹಳ್ಳಿಗೂ ಹವಳದ ದ್ವೀಪಕ್ಕೂ ಒಂದೇ ಹೆಸರಿನ ಅಧಿಕಾರಿ!

ಹಗ್ಗಕ್ಕೆ ಅಕ್ಕಿ

ಕಂಪೆನಿಯ ಕಾಲದಿಂದ ಮೊದಲ್ಗೊಂಡು ಈ ಐದು ದ್ವೀಪಗಳ ಆಡಳಿತ ಮಂಗಳೂರಿನಿಂದ ನಡೆಯಿತು. ೧೮೬೨ರಲ್ಲಿ ಕನ್ನಡ ಜಿಲ್ಲೆಯನ್ನು ಎರಡಾಗಿ ಸೀಳಿ ಉತ್ತರಭಾಗವನ್ನು ಮುಂಬಯಿಗೆ ಕೊಟ್ಟಾಗಲೂ ಅಮಿನ್‌ದಿವಿ ದಕ್ಷಿಣ ಕನ್ನಡದೊಡನೆಯೇ ಉಳಿಯಿತು. ಉಳಿದ ದ್ವೀಪಗಳಾದ ಅಂದ್ರೋತ್, ಕವರತ್ತಿ, ಅಗತ್ತಿ, ಕಲ್ಪೇನಿ, ಮಿನಿಕಾಯಿಗಳು ಬಹುಕಾಲ ಅರಕ್ಕಲ್ ಮನೆತನದಲ್ಲಿದ್ದು, ಕಡೆಗೆ ಮಲಬಾರ್ ಜಿಲ್ಲೆಗೆ ಸೇರಿದುವು.

ಸರಕಾರಕ್ಕೂ ದ್ವೀಪದವರಿಗೂ ನಡುವೆ ಇದ್ದ ವ್ಯವಹಾರವನ್ನು ಎರಡು ಮಾತಿನಲ್ಲಿ ಹೇಳಬಹುದು: ಹಗ್ಗ, ಅಕ್ಕಿ. ದ್ವೀಪದ ಹೆಂಗಸರು ತೆಂಗಿನ ಸಿಪ್ಪೆಯನ್ನು ನೆನೆಹಾಕಿ, ಬಡಿದು, ನಾರು ತೆಗೆದು ಹುರಿ ಹೊಸೆಯುತ್ತಿದ್ದರು. ಆ ಹುರಿಯನ್ನು ಸರಕಾರಕ್ಕೇ ಕೊಡಬೇಕು; ಬೇರೆಯವರಿಗೆ ಮಾರುವಂತಿಲ್ಲ. ಅದರ ಬೆಲೆಯನ್ನು ಸರಕಾರವೇ ಗೊತ್ತುಮಾಡುತ್ತಿತ್ತು. ಬದಲಿಗೆ ಮಂಗಳೂರಿನ ಉಗ್ರಾಣದಿಂದ ಅಕ್ಕಿ ಸಿಗುತ್ತಿತ್ತು. ಹುರಿಯ ಬೆಲೆ ಕುಗ್ಗಿದರೆ ಅಥವಾ ಅಕ್ಕಿಯ ಬೆಲೆ ಏರಿದರೆ ಆ ಹೊರೆ ಯಾರ ಹೊಟ್ಟೆಯ ಮೇಲೆ ಬೀಳುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕೊಳ್ಳುವವನೂ ಒಬ್ಬನೇ, ಮಾರುವವನೂ ಒಬ್ಬನೇ ಆದಾಗ ದಾರಿಯ ತುದಿಯಲ್ಲಿರುವವನಿಗೆ ಚೌಕಾಸಿ ಮಾಡುವ ಬಲವಿರುವುದಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಇದರ ಪ್ರಸ್ತಾಪ ಬರುತ್ತದೆ.

ಸರಕು ಸಾಗುತ್ತಿದ್ದುದು ‘ಓಡಂ’ ಎಂಬ ಮರದ ಹಾಯಿದೋಣಿಗಳಲ್ಲಿ. ಹಿಂದೆ ಇವುಗಳ ಹಲಗೆಗಳನ್ನು ಮೊಳೆ ಹೊಡೆದು ಜೋಡಿಸದೆ ತೆಂಗಿನ ಹುರಿಯಿಂದಲೇ ಹೊಲಿಯುತ್ತಿದ್ದರು. ಬಂಡೆಗೆ ತಾಗಿದರೆ ಹೊಲಿದ ದೋಣಿ ಸ್ವಲ್ಪ ಬಾಗುತ್ತದೆ, ಬೇಗನೆ ಒಡೆಯುವುದಿಲ್ಲ. ಮಳೆಗಾಲ ಕಳೆದ ಮೇಲೆ ದೋಣಿಗಳು ಹೊರಟು ಕೊಬ್ಬರಿ, ಹುರಿ, ಒಣಗಿಸಿದ ಮೀನುಗಳನ್ನು ಮಂಗಳೂರಿಗೆ ತರುತ್ತಿದ್ದುವು. ಅಕ್ಕಿ, ಬೆಲ್ಲ, ಬಟ್ಟೆ, ಉಪ್ಪುಗಳನ್ನು ಹೇರಿಕೊಂಡು ಹಿಂದಿರುಗುತ್ತಿದ್ದುವು. ಮುಂಗಾರು ಹಿಡಿಯುವುದರೊಳಗೆ ಎಲ್ಲವೂ ದ್ವೀಪದ ಮರಳಿನ ಮೇಲೆ ಎಳೆಯಲ್ಪಟ್ಟಿರಬೇಕು. ಆಮೇಲೆ ನಾಲ್ಕು ತಿಂಗಳು ಲೋಕಕ್ಕೂ ದ್ವೀಪಕ್ಕೂ ನಡುವೆ ನೀರು ಮಾತ್ರ.

ಹಡಗಿಗೂ ಮರಳಿಗೂ ನಡುವೆ

ಬಂದರು ಎಂದರೆ ಹಡಗು ನಿಲ್ಲುವ ಜಾಗವೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಅಮಿನಿಯಲ್ಲಿಯೂ ಮಂಗಳೂರಿನಲ್ಲಿಯೂ ಬಹುಕಾಲ ಹಡಗುಗಳು ನಿಂತುದು ದಡದಿಂದ ದೂರದಲ್ಲಿಯೇ. ಇದರ ಕಾರಣವನ್ನು ತಿಳಿಯದೆ ಬಂದರಿನ ಸುಧಾರಣೆ ಎಂದರೇನೆಂಬುದು ಅರ್ಥವಾಗದು.

ಮೊದಲು ಮಂಗಳೂರು. ನೇತ್ರಾವತಿಯೂ ಗುರುಪುರ ನದಿಯೂ ಕೂಡಿ ಕಡಲಿಗೆ ಬೀಳುವೆಡೆಯಲ್ಲಿ ಹಳೆಯ ಬಂದರು ಇದೆ. ಊರವರು ಅದನ್ನು ‘ಬಂದರ್’ ಎಂದೂ ಸರಕು ಇಳಿಸುವ ಕಟ್ಟೆಯನ್ನು ‘ಧಕ್ಕೆ’ ಎಂದೂ ಕರೆಯುತ್ತಾರೆ. ನದಿಗಳು ಹೊತ್ತು ತರುವ ಮರಳನ್ನು ಕಡಲಿನ ತೆರೆ ಹಿಂದಕ್ಕೆ ತಳ್ಳುವುದರಿಂದ ಅಳಿವೆಯ ಬಾಯಲ್ಲಿ ಮರಳದಿಣ್ಣೆ ಕಟ್ಟಿಕೊಳ್ಳುತ್ತದೆ. ದೊಡ್ಡ ಹಡಗು ಅದನ್ನು ದಾಟಲಾರದು. ಆದುದರಿಂದ ಹಡಗು ಹೊರಗಡಲಿನಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ಪಡಾವುಗಳೆಂಬ ಚಿಕ್ಕ ದೋಣಿಗಳು ಹೋಗಿ ಸರಕನ್ನು ತರುತ್ತಿದ್ದುವು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಜಪ್ಪಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹೊರನಾಡುಗಳಿಗೆ ಹೋದ ಹೆಂಚು, ಘಟ್ಟದಿಂದಿಳಿದ ಕಾಫಿ ಎಲ್ಲವೂ ಹೀಗೆಯೇ ಕೈಯಿಂದ ಕೈಗೆ ದಾಟಿದುವು. ೧೯೦೭ರಲ್ಲಿ ಮಂಗಳೂರಿಗೆ ರೈಲು ಬಂದರೂ ಅಳಿವೆಯ ಮರಳು ಕರಗಲಿಲ್ಲ. ಮುಂಗಾರಿನಲ್ಲಿ ಬಂದರಿಗೆ ಬೀಗ.

ಇನ್ನು ದ್ವೀಪದ ಸ್ಥಿತಿ. ಲಕ್ಷದ್ವೀಪದ ಬಹುಪಾಲು ದ್ವೀಪಗಳು ಹವಳದ ದಿಬ್ಬದ ಮೂಡಣ ಅಂಚಿನಲ್ಲಿವೆ. ಪಡುವಣಕ್ಕೆ ಆಳವಿಲ್ಲದ ತಿಳಿನೀರಿನ ಕೊಳ. ಅದರ ಸುತ್ತ ಬೇಲಿಯಂತೆ ಹವಳದ ಬಂಡೆ. ಈ ಬೇಲಿ ದೊಡ್ಡ ತೆರೆಗಳನ್ನು ತಡೆದು ದ್ವೀಪವನ್ನು ಕಾಯುತ್ತದೆ. ಆದರೆ ತೆರೆಯನ್ನು ತಡೆಯುವ ಬೇಲಿ ಹಡಗನ್ನೂ ತಡೆಯುತ್ತದೆ. ಬಂಡೆಯ ನಡುವೆ ಇರುವ ಕಿರಿದಾದ ಬಾಗಿಲಿನಲ್ಲಿ ಉಬ್ಬರದ ಹೊತ್ತು ನೋಡಿಕೊಂಡು ಚಿಕ್ಕ ದೋಣಿ ನುಗ್ಗಬೇಕು. ಮೂಡಣ ದಡದಲ್ಲಿ ಕೊಳವಿಲ್ಲ. ಅಲ್ಲಿ ಸ್ವಲ್ಪ ದೂರಕ್ಕೇ ಕಡಲು ಆಳವಾಗುತ್ತದೆ. ಹಡಗು ಹತ್ತಿರ ಬರಬಹುದು, ಆದರೆ ಇಳಿಯಲು ಮೆಟ್ಟಿಲಿಲ್ಲ.

ಹೀಗೆ ಒಂದು ಅಕ್ಕಿ ಮೂಟೆ ಮಂಗಳೂರಿನ ಉಗ್ರಾಣದಿಂದ ಅಮಿನಿಯ ಅಡುಗೆಮನೆಗೆ ಮುಟ್ಟುವುದರೊಳಗೆ ಹಮಾಲಿಯ ಬೆನ್ನಿಗೆ, ದೋಣಿಗೆ, ಮತ್ತೆ ಚಿಕ್ಕ ದೋಣಿಗೆ, ಮತ್ತೆ ನೀರಿನಲ್ಲಿ ನಿಂತವನ ತಲೆಗೆ ಏರಿ ಇಳಿಯಬೇಕಾಗಿತ್ತು. ಪ್ರತಿಯೊಂದು ಏರಿಳಿತದಲ್ಲಿಯೂ ಸ್ವಲ್ಪ ನೆನೆಯುತ್ತದೆ, ಸ್ವಲ್ಪ ಸೋರುತ್ತದೆ, ಸ್ವಲ್ಪ ಬೆಲೆ ಏರುತ್ತದೆ. ದಾರಿಯ ಕಷ್ಟವಿರುವುದು ನಡುಗಡಲಿನಲ್ಲಿ ಅಲ್ಲ. ಹಡಗಿಗೂ ಮರಳಿಗೂ ನಡುವಣ ಆ ಕೊನೆಯ ತುಂಡು ಹಾದಿಯಲ್ಲಿ.

೧೯೫೬

೧೯೫೬ನೆಯ ಇಸವಿಯ ನವೆಂಬರ್ ೧ನೆಯ ತಾರೀಖು ಕನ್ನಡಿಗರಿಗೆಲ್ಲ ನೆನಪಿರುವ ದಿನ. ಅಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು. ದಕ್ಷಿಣ ಕನ್ನಡ ಅದರೊಳಗೆ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಹೊಸೂರು ಮದರಾಸಿನಲ್ಲಿಯೇ ಉಳಿಯಿತು. ಇವು ಮೂರನ್ನೂ ನಾವು ಆಗಾಗ ಹೇಳಿಕೊಳ್ಳುತ್ತೇವೆ. ನಾಲ್ಕನೆಯದನ್ನು ಹೇಳುವವರು ವಿರಳ. ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ಮಂಗಳೂರಿನ ಆಡಳಿತದಲ್ಲಿದ್ದ ಅಮಿನ್‌ದಿವಿ ದ್ವೀಪಗಳು ಅದೇ ದಿನ ದಕ್ಷಿಣ ಕನ್ನಡದಿಂದ ಬೇರ್ಪಟ್ಟು, ಮಲಬಾರಿನ ದ್ವೀಪಗಳೊಡನೆ ಕೂಡಿ, ಲಕ್ಕದಿವಿ, ಮಿನಿಕಾಯ್, ಅಮಿನ್‌ದಿವಿ ಎಂಬ ಕೇಂದ್ರಾಡಳಿತ ಪ್ರದೇಶವಾದುವು. ಅದರ ಕಚೇರಿ ಮೊದಲು ಕಲ್ಲಿಕೋಟೆಯಲ್ಲಿತ್ತು, ೧೯೬೪ರಲ್ಲಿ ಕವರತ್ತಿಗೆ ಹೋಯಿತು. ೧೯೭೩ರಲ್ಲಿ ಪ್ರದೇಶಕ್ಕೆ ಲಕ್ಷದ್ವೀಪವೆಂಬ ಹೆಸರಾಯಿತು.

ದ್ವೀಪದವರ ಮಾತು ಮಲಯಾಳದ ಒಂದು ರೂಪ, ಮಿನಿಕಾಯಿಯಲ್ಲಿ ಮಹಲ್. ಆದುದರಿಂದ ಭಾಷೆಯ ಹೆಸರಿನಲ್ಲಿ ಅವರನ್ನು ನಮ್ಮವರೆನ್ನಲು ನಮಗೆ ಹಕ್ಕಿಲ್ಲ, ಎನ್ನಬೇಕಾಗಿಯೂ ಇಲ್ಲ. ಇಲ್ಲಿ ಗಮನಿಸಬೇಕಾದುದು ಬೇರೆ. ಆಡಳಿತದ ಗೆರೆ ಒಂದೇ ದಿನದಲ್ಲಿ ಬದಲಾಯಿತು. ಸರಕಿನ ದಾರಿ ಬದಲಾಗಲಿಲ್ಲ. ಹಾಯಿದೋಣಿಗಳಿಗೆ ಎಂಜಿನು ಬಂದಿತು. ಓಡಂಗಳ ಜಾಗದಲ್ಲಿ ಎಂಜಿನು ಹಾಕಿದ ಮಂಜಿಗಳು ಓಡಾಡಿದುವು. ಮಂಗಳೂರಿನ ಹಳೆಯ ಧಕ್ಕೆಯಿಂದ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿಕಲ್ಲು, ಮರಳು, ಇಟ್ಟಿಗೆ ದ್ವೀಪಗಳಿಗೆ ಇಂದಿಗೂ ಹೋಗುತ್ತಿವೆ. ಕೊಬ್ಬರಿಯೂ ಒಣಮೀನೂ ಹಿಂದಕ್ಕೆ ಬರುತ್ತಿವೆ. ಮರಳಿನ ಮೇಲೆಯೇ ಇರುವ ದ್ವೀಪಕ್ಕೆ ಮರಳನ್ನು ಕೊಂಡೊಯ್ಯುವುದು ಏಕೆಂದು ಕೇಳಬಹುದು. ದ್ವೀಪದ ಮರಳನ್ನೂ ಹವಳವನ್ನೂ ತೋಡಿ ಮನೆ ಕಟ್ಟಿದರೆ ದ್ವೀಪವನ್ನು ಕಾಯುವ ಬೇಲಿಯನ್ನೇ ಕಿತ್ತಂತಾಗುತ್ತದೆ. ಅದರಿಂದ ಮನೆ ಕಟ್ಟುವ ಸಾಮಗ್ರಿಯೂ ಹೊರಗಿನಿಂದಲೇ ಬರಬೇಕು.

ಅದೇ ೧೯೫೬ರಲ್ಲಿ, ಏಪ್ರಿಲ್ ೨೬ರಂದು, ಅಮೆರಿಕದ ನೆವಾರ್ಕ್ ಬಂದರಿನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು ಹೂಸ್ಟನ್ನಿಗೆ ಹೊರಟಿತು. ಅದರ ಮೇಲೆ ಲಾರಿಯ ದೇಹದಂಥ ಐವತ್ತೆಂಟು ಅಲ್ಯೂಮಿನಿಯಂ ಪೆಟ್ಟಿಗೆಗಳಿದ್ದುವು. ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಸಾಗಣೆಗಾರನ ಯೋಚನೆ ಅದು: ಮೂಟೆ ಮೂಟೆಯಾಗಿ ಇಳಿಸಿ ಏರಿಸುವ ಬದಲು ಪೆಟ್ಟಿಗೆಯನ್ನೇ ಲಾರಿಯಿಂದ ಹಡಗಿಗೆ, ಹಡಗಿನಿಂದ ಲಾರಿಗೆ ಎತ್ತಿಬಿಡುವುದು. ಈ ಒಂದು ಪೆಟ್ಟಿಗೆ ಲೋಕದ ಬಂದರುಗಳ ಸ್ವರೂಪವನ್ನೇ ಬದಲಾಯಿಸಿತು. ಆಳವಾದ ನೀರು, ಎತ್ತರದ ಕ್ರೇನು, ಬಂದರಿನ ಬಾಗಿಲವರೆಗೆ ಹಳಿ ಮತ್ತು ಹೆದ್ದಾರಿ ಇರುವ ಬಂದರುಗಳು ಬೆಳೆದುವು. ಇಲ್ಲದವು ಹಿಂದೆ ಬಿದ್ದುವು.

ಪಣಂಬೂರಿನ ಕೊಳ

ಮಂಗಳೂರಿಗೆ ಆಳವಾದ ನೀರು ಬೇಕೆಂಬ ಬೇಡಿಕೆ ಹಳೆಯದು. ಲೋಕಸಭೆಯ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು ಇದಕ್ಕಾಗಿ ಪಟ್ಟ ಶ್ರಮ ಸ್ಮರಣೀಯವಾದುದು. ಅಳಿವೆಯ ಮರಳಿನೊಡನೆ ಹೋರಾಡುವುದಕ್ಕಿಂತ ನಗರದ ಉತ್ತರಕ್ಕೆ ಪಣಂಬೂರಿನಲ್ಲಿ ನೆಲವನ್ನೇ ತೋಡಿ ಕೊಳ ಮಾಡಿ, ಅದಕ್ಕೆ ಕಡಲಿನಿಂದ ಕಾಲುವೆ ತೆಗೆಯುವುದೆಂದು ನಿಶ್ಚಯವಾಯಿತು. ೧೯೬೨ರಲ್ಲಿ ಕೆಲಸ ಮೊದಲಾಯಿತು. ಮಲ್ಯರು ೧೯೬೫ರಲ್ಲಿ ತೀರಿಕೊಂಡರು. ೧೯೭೪ರ ಮೇ ೪ರಂದು ನವಮಂಗಳೂರು ದೇಶದ ಒಂಬತ್ತನೆಯ ಮಹಾಬಂದರೆಂದು ಘೋಷಿಸಲ್ಪಟ್ಟಿತು. ೧೯೭೫ರ ಜನವರಿ ೧೧ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಅಮಿನಿಯಲ್ಲಿ ಹವಳದ ಹುಳು ಸಾವಿರಾರು ವರ್ಷಗಳಲ್ಲಿ ಕಟ್ಟಿದಂಥ ಕೊಳವನ್ನು ಪಣಂಬೂರಿನಲ್ಲಿ ಮನುಷ್ಯ ಯಂತ್ರಗಳಿಂದ ಹನ್ನೆರಡು ವರ್ಷಗಳಲ್ಲಿ ತೋಡಿದನು. ಆ ನೆಲದಲ್ಲಿದ್ದ ಒಕ್ಕಲುಗಳು ಕಾಟಿಪಳ್ಳ, ಕೃಷ್ಣಾಪುರಗಳ ಕಡೆಗೆ ಹೋಗಿ ನೆಲಸಬೇಕಾಯಿತೆಂಬುದನ್ನೂ ಮರೆಯತಕ್ಕದ್ದಲ್ಲ.

ಬಂದರು ಆಯಿತು, ಆದರೆ ಅದಕ್ಕೆ ಒಳನಾಡಿನ ದಾರಿ ಬೇಕಷ್ಟೆ. ಹಾಸನದಿಂದ ಮಂಗಳೂರಿಗೆ ಘಟ್ಟವಿಳಿಯುವ ರೈಲುಮಾರ್ಗ ೧೯೭೯ರಲ್ಲಿ ಪೂರ್ಣವಾಯಿತು. ಸಕಲೇಶಪುರ ಮತ್ತು ಸುಬ್ರಹ್ಮಣ್ಯಗಳ ನಡುವಣ ಸುಮಾರು ೫೫ ಕಿಲೋಮೀಟರಿನಲ್ಲಿಯೇ ಅದು ೫೭ ಸುರಂಗಗಳನ್ನು ಹೊಕ್ಕು ಹೊರಡುತ್ತದೆ. ಅದನ್ನು ಅಗಲ ಹಳಿಗೆ ಬದಲಿಸುವ ಕೆಲಸಕ್ಕಾಗಿ ನಿಲ್ಲಿಸಿದುದು ಹತ್ತು ವರ್ಷಗಳಷ್ಟು ಕಾಲ ಹಿಡಿದು, ೨೦೦೬ರಲ್ಲಿ ಸರಕಿನ ಗಾಡಿಗಳೂ ೨೦೦೭ರಲ್ಲಿ ಪ್ರಯಾಣಿಕರ ಗಾಡಿಗಳೂ ಮತ್ತೆ ಓಡಿದುವು. ಅತ್ತ ಕುದುರೆಮುಖದ ಕಬ್ಬಿಣದ ಅದಿರು ೧೯೮೦ರಿಂದ ನೀರಿನೊಡನೆ ಕಲಸಿದ ರಾಡಿಯಾಗಿ ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಇಳಿದು ಬಂದರನ್ನು ಸೇರುತ್ತಿತ್ತು. ೨೦೦೫ರ ಕೊನೆಗೆ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ಗಣಿ ನಿಂತಾಗ ಆ ಸರಕೂ ನಿಂತಿತು. ೨೦೨೨ರ ಸೆಪ್ಟೆಂಬರಿನಲ್ಲಿ ೧೪ನೆಯ ಕಟ್ಟೆಗೆ ಪೆಟ್ಟಿಗೆ ಸರಕನ್ನು ಎತ್ತುವ ಯಂತ್ರಗಳು ಬಂದು ಉದ್ಘಾಟನೆಯಾದುವು. ಐಡಿಯಲ್ ಎಕ್ಸ್ ಹೊರಟು ಅಷ್ಟರಲ್ಲಿ ಅರವತ್ತಾರು ವರ್ಷ ಕಳೆದಿತ್ತು.

ಆದರೆ ಗಮನಿಸಿರಿ: ದ್ವೀಪದ ಅಕ್ಕಿ ಮೂಟೆ ಪಣಂಬೂರಿಗೆ ಹೋಗಲಿಲ್ಲ. ಅದು ಹಳೆಯ ಧಕ್ಕೆಯಲ್ಲಿಯೇ ಮಂಜಿಯನ್ನು ಕಾಯುತ್ತ ಕುಳಿತಿತು. ದೊಡ್ಡ ಹಡಗಿಗೆ ದೊಡ್ಡ ಕ್ರೇನು. ಚಿಕ್ಕ ದ್ವೀಪಕ್ಕೆ ಹಮಾಲಿಯ ಬೆನ್ನು. ಒಂದೇ ಊರಿನಲ್ಲಿ ಎರಡು ಕಾಲಗಳು ನೆರೆಹೊರೆಯಾಗಿ ಬಾಳಿದುವು.

ದ್ವೀಪದ ಕಡೆಯ ಕೆಲಸ

ದ್ವೀಪಗಳಲ್ಲಿಯೂ ಏನೂ ಆಗಲಿಲ್ಲವೆಂದಲ್ಲ. ಕೊಳದೊಳಕ್ಕೆ ಬರುವ ಬಾಗಿಲುಗಳನ್ನು ಅಗಲಮಾಡಿದರು, ಆಳಮಾಡಿದರು. ಕೊಳದ ಕಡೆ ಕಾಂಕ್ರೀಟಿನ ಧಕ್ಕೆಗಳಾದುವು. ತಲೆಯ ಮೇಲೆ ಮೂಟೆ ಹೊತ್ತು ನೀರಿನಲ್ಲಿ ನಡೆಯುವುದು ತಪ್ಪಿತು. ಕೊಳವೇ ಇಲ್ಲದಂತಿರುವ ಅಂದ್ರೋತಿನಲ್ಲಿ ಕಲ್ಲು, ಕಾಂಕ್ರೀಟುಗಳನ್ನು ಕಡಲಿಗೆ ಹಾಕಿ ಅಲೆತಡೆ ಕಟ್ಟಿದರು. ಮುಖ್ಯವಾದ ದ್ವೀಪಗಳಲ್ಲಿ ಮೂಡಣ ದಡದ ಆಳನೀರಿನ ಕಡೆಗೆ ಚಾಚಿದ ಕಟ್ಟೆಗಳು ಒಂದೊಂದಾಗಿ ಬಂದುವು. ಮೂಡಣ ದಡವನ್ನೇ ಏಕೆ ಆರಿಸಿದರೆಂದರೆ, ನೈಋತ್ಯದ ಮುಂಗಾರು ಬೀಸುವಾಗ ಪಡುವಣ ದಡ ಕೆರಳಿರುತ್ತದೆ, ಮೂಡಣ ದಡ ದ್ವೀಪದ ಮರೆಯಲ್ಲಿರುತ್ತದೆ. ಮನೆಯ ಗೋಡೆಯ ಮರೆಯಲ್ಲಿ ನಿಂತು ಗಾಳಿಮಳೆಯನ್ನು ತಪ್ಪಿಸಿಕೊಂಡಂತೆಯೇ ಇದು. ೧೯೮೮ರಲ್ಲಿ ಅಗತ್ತಿಯಲ್ಲಿ ವಿಮಾನ ಇಳಿಯಿತು. ೨೦೨೪ರ ಜನವರಿ ೩ರಂದು ಕೊಚ್ಚಿಯಿಂದ ಕಡಲಡಿಯಲ್ಲಿ ಹಾಸಿದ ಬೆಳಕಿನ ತಂತಿ ಹನ್ನೊಂದು ದ್ವೀಪಗಳನ್ನು ಕೂಡಿಸಿತು. ಸುದ್ದಿ ಈಗ ಕಣ್ಣು ಮಿಟುಕಿಸುವುದರೊಳಗೆ ದ್ವೀಪಕ್ಕೆ ಮುಟ್ಟುತ್ತದೆ. ಅಕ್ಕಿ ಮಾತ್ರ ಇನ್ನೂ ಹವೆಯ ಮರ್ಜಿಯನ್ನು ಕಾಯುತ್ತದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ೨೦೨೧ರಲ್ಲಿ ದ್ವೀಪಾಡಳಿತವು ಸರಕು ಸಾಗಣೆಯನ್ನು ಕೇರಳದ ಬೇಪೂರಿನಿಂದ ಬಿಡಿಸಿ ಮಂಗಳೂರಿನ ಕಡೆಗೆ ತಿರುಗಿಸಲು ಹೊರಟಾಗ ದ್ವೀಪಗಳಿಂದಲೇ ಆಕ್ಷೇಪಗಳು ಬಂದುವು. ಮಂಗಳೂರಿಗೆ ವ್ಯಾಪಾರ ಬರುವುದೆಂದು ಕನ್ನಡಿಗರಾದ ನಾವು ಸಂತೋಷಪಡಬಹುದಾಗಿತ್ತು. ಆದರೆ ಹಗ್ಗಕ್ಕೆ ಅಕ್ಕಿ ಕೊಟ್ಟ ಕಾಲವನ್ನು ನೆನೆದವರು ಹಾಗೆ ಸಂತೋಷಪಡಲಾರರು. ದ್ವೀಪದವನಿಗೆ ಬೇಪೂರಿನಲ್ಲಿ ಬಂಧುಗಳಿರಬಹುದು, ಮಂಗಳೂರಿನಲ್ಲಿ ಬೆಲೆ ಅಗ್ಗವಾಗಿರಬಹುದು, ಕೊಚ್ಚಿಯಲ್ಲಿ ಆಸ್ಪತ್ರೆಯಿರಬಹುದು. ಅವನಿಗೆ ಬೇಕಾದುದು ಎರಡು ಮೂರು ಬಾಗಿಲುಗಳು. ಒಂದೇ ಬಾಗಿಲಿರುವವನ ಮುಂದೆ ಬಾಗಿಲು ಕಾಯುವವನೇ ದೊರೆಯಾಗುತ್ತಾನೆ. ಧಕ್ಕೆ ಎಷ್ಟು ಹೊಸದಾದರೂ, ಯಂತ್ರ ಎಷ್ಟು ದೊಡ್ಡದಾದರೂ, ಆ ಒಂದು ಸಂಗತಿಯನ್ನು ಅವು ಬದಲಿಸಲಾರವು.

ಕೊಚ್ಚಿಯ ಎರಡು ದ್ವೀಪಗಳು

ದ್ವೀಪವೇ ದೊಡ್ಡ ಬಂದರಾದ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ೧೯೨೦ರಲ್ಲಿ ಕೊಚ್ಚಿಗೆ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರು ಕಡಲಬಾಯಿಯ ಮರಳದಿಣ್ಣೆಯನ್ನು ಕಡಿಸಿ, ಹಿನ್ನೀರಿನ ತಳದಿಂದ ತೆಗೆದ ಮಣ್ಣನ್ನು ಒಂದೆಡೆ ಗುಡ್ಡೆ ಹಾಕಿಸಿ ಒಂದು ದ್ವೀಪವನ್ನೇ ದೊಡ್ಡದುಮಾಡಿದನು. ಅದೇ ವಿಲಿಂಗ್ಡನ್ ದ್ವೀಪ. ಸೇತುವೆಗಳೂ ರೈಲೂ ಅದನ್ನು ನೆಲಕ್ಕೆ ಕಟ್ಟಿದ ಮೇಲೆ ಅದು ನಿಜವಾದ ಬಂದರಾಯಿತು. ಕಾಲ ಬದಲಾದಂತೆ ಪೆಟ್ಟಿಗೆ ಸರಕಿಗೆ ಆ ದ್ವೀಪ ಸಾಲದಾಯಿತು. ೨೦೧೧ರ ಫೆಬ್ರವರಿಯಲ್ಲಿ ಹಿನ್ನೀರಿನ ಇನ್ನೊಂದು ದ್ವೀಪವಾದ ವಲ್ಲಾರ್‌ಪಾಡದಲ್ಲಿ ಹೊಸ ನಿಲ್ದಾಣ ಕೆಲಸಕ್ಕೆ ತೊಡಗಿತು. ಅದಕ್ಕೆ ರಸ್ತೆಯೂ ಹಳಿಯೂ ಬೇಕಾದುವು. ಅವುಗಳಿಗಾಗಿ ೨೦೦೮ರ ಫೆಬ್ರವರಿಯಲ್ಲಿ ಮೂಲಂಪಿಳ್ಳಿಯ ಕುಟುಂಬಗಳನ್ನು ಮನೆಗಳಿಂದ ಹೊರಡಿಸಿದರು. ಹೊಸ ಮನೆಗಾಗಿ ಅವರು ವರ್ಷಗಟ್ಟಲೆ ಕಾದರು.

ಈ ಎರಡು ದ್ವೀಪಗಳಿಂದ ಎರಡು ಮಾತು ತಿಳಿಯುತ್ತದೆ. ಮೊದಲನೆಯದು: ದ್ವೀಪವನ್ನು ಬಂದರನ್ನಾಗಿ ಮಾಡುವುದು ಅದರ ಸುತ್ತಲಿನ ನೀರಲ್ಲ, ಅದರ ಹಿಂದಿನ ಸೇತುವೆ. ಎರಡನೆಯದು: ಆ ಸೇತುವೆಯ ಕಂಬಗಳು ಯಾರದೋ ಅಂಗಳದಲ್ಲಿ ಊರುತ್ತವೆ. ಪಣಂಬೂರಿನಲ್ಲಿಯೂ ಹೀಗೆಯೇ ಆಯಿತು. ಸುಧಾರಣೆಯ ಲೆಕ್ಕವನ್ನು ಬರೆಯುವವರು ಎರಡು ಪುಟಗಳನ್ನೂ ತುಂಬಬೇಕು.

ನಮ್ಮ ಹಳಿಯ ಕಥೆ

ಈಗ ನಮ್ಮ ಸೀಮೆಗೆ ಹಿಂದಿರುಗೋಣ. ಬರಗಾಲದಲ್ಲಿ ಒಳನಾಡಿಗೆ ಧಾನ್ಯ ಮುಟ್ಟಿಸಲೆಂದು ಮದರಾಸು ಸರಕಾರದ ಕಾಲದಲ್ಲಿ ಎರಡೂವರೆ ಅಡಿ ಅಗಲದ ಸಣ್ಣ ಹಳಿಗಳನ್ನು ಹಾಕಿದರು. ೧೯೦೫ರಲ್ಲಿ ತಿರುಪ್ಪತ್ತೂರಿನಿಂದ ಕೃಷ್ಣಗಿರಿಗೆ, ೧೯೦೬ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ, ೧೯೧೩ರಲ್ಲಿ ಧರ್ಮಪುರಿಯಿಂದ ಹೊಸೂರಿಗೆ ಪುಟ್ಟ ರೈಲು ಬಂದಿತು. ಅದು ನಮ್ಮ ಧಕ್ಕೆ. ದೊಡ್ಡ ಹಳಿಯೆಂಬ ಹಡಗಿನಿಂದ ಸರಕನ್ನು ಇಳಿಸಿ ತರುತ್ತಿದ್ದ ಪಡಾವು ಅದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೧ರಲ್ಲಿ, ಹೊಸೂರಿನ ಹಳಿಯನ್ನು ಮುಚ್ಚಿ ಕಿತ್ತುಕೊಂಡು ಹೋದರು. ಕೃಷ್ಣಗಿರಿಯ ಹಳಿಗೂ ಉಳಿಗಾಲವಿರಲಿಲ್ಲ. ಮುಂಗಾರಿನಲ್ಲಿ ಬಂದರು ಮುಚ್ಚುವುದು ನಾಲ್ಕು ತಿಂಗಳು. ನಮ್ಮ ಬಂದರು ಮುಚ್ಚಿದುದು ಒಂದು ತಲೆಮಾರಿನಷ್ಟು ಕಾಲ. ಬೆಂಗಳೂರು–ಸೇಲಂ ಮಾರ್ಗ ೧೯೬೦ರ ದಶಕದ ಕೊನೆಗೆ ಬಂದಾಗ ಹೊಸೂರು, ಕೆಲಮಂಗಲ, ರಾಯಕೋಟೆಗಳಿಗೆ ಮತ್ತೆ ರೈಲಿನ ಕೂಗು ಕೇಳಿಸಿತು. ಕೃಷ್ಣಗಿರಿಗೆ ಕೇಳಿಸಲಿಲ್ಲ. ೨೦೦೪ರಲ್ಲಿ ಜಿಲ್ಲೆಯ ಕೇಂದ್ರವಾದ ಆ ಪಟ್ಟಣಕ್ಕೆ ಹಿಂದಿನ ಹಳಿ ಹಿಂದಿರುಗಿಲ್ಲ.

ಅದೇ ಕೃಷ್ಣಗಿರಿಯ ಮಾವಿನ ತಿರುಳು ಇಂದು ಡಬ್ಬಗಳಲ್ಲಿ, ಪೀಪಾಯಿಗಳಲ್ಲಿ ಹೊರದೇಶಗಳಿಗೆ ಹೋಗುತ್ತದೆ, ಕರಿಕಲ್ಲೂ ಹೋಗುತ್ತದೆ. ಹೊಸೂರಿನ ಗುಲಾಬಿ ಹೋಗುತ್ತದೆ. ೧೯೭೦ರ ದಶಕದಿಂದ ಬೆಳೆದ ಕೈಗಾರಿಕಾ ಪೇಟೆಯ ಲಾರಿಗಳೂ ಮೋಟಾರು ಸೈಕಲುಗಳೂ ಹೋಗುತ್ತವೆ. ಕಡಲನ್ನು ಕಾಣದ ಮಕ್ಕಳ ತಂದೆತಾಯಿಗಳ ದುಡಿಮೆ ಕಡಲನ್ನು ದಾಟುತ್ತಿದೆ. ಮಾವಿನ ತೋಪಿನಲ್ಲಿ ಕಾಯಿ ಕೀಳುವವನಿಗೆ ಸಿಗುವ ಬೆಲೆಯಲ್ಲಿ ಹೆದ್ದಾರಿಯ ಖರ್ಚು, ಪೆಟ್ಟಿಗೆಯ ಬಾಡಿಗೆ, ಧಕ್ಕೆಯ ಸುಂಕ ಎಲ್ಲವೂ ಅಡಗಿವೆ. ಹೀಗಿರುವಾಗ ಬಂದರಿನ ಗೊಡವೆ ನಮಗೇಕೆಂದು ಹೇಗೆ ಕೇಳುವುದು?

ಗಡಿಯ ಊರೂ ಒಂದು ಬಗೆಯ ದ್ವೀಪವೇ. ಸುತ್ತ ನೀರಿಲ್ಲದಿದ್ದರೂ ಎರಡು ರಾಜ್ಯಗಳ ಕಚೇರಿಗಳಿಂದಲೂ ದೂರವಿರುವ ಊರಿಗೆ ಪಠ್ಯಪುಸ್ತಕ ತಡವಾಗಿ ಬರುತ್ತದೆ, ಅಧ್ಯಾಪಕ ತಡವಾಗಿ ಬರುತ್ತಾನೆ. ರಾಜಧಾನಿಯಿಂದ ಹೊರಟ ಸರಕಾರದ ಆಜ್ಞೆ ನಡುದಾರಿಯನ್ನು ಸಲೀಸಾಗಿ ದಾಟಿ, ಶಾಲೆಯ ಬಾಗಿಲಿನ ಮುಂದಿನ ಕೊನೆಯ ತುಂಡು ಹಾದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಮಿನಿಯ ಅಕ್ಕಿ ಮೂಟೆಗೂ ನಮ್ಮ ಕನ್ನಡ ಪುಸ್ತಕದ ಕಟ್ಟಿಗೂ ಒಂದೇ ಕಷ್ಟ. ಆದುದರಿಂದ ಸುಧಾರಣೆಯನ್ನು ಅಳೆಯುವವರು ದೊಡ್ಡ ಬಂದರಿನ ಕ್ರೇನಿನ ಎತ್ತರವನ್ನು ನೋಡಿದರೆ ಸಾಲದು. ಚಿಕ್ಕ ದ್ವೀಪದ ಧಕ್ಕೆಗೆ ಹೋಗಿ, ಮಳೆಗಾಲದ ಒಂದು ದಿನ, ಮೂಟೆ ಒಣಗಿ ಬಂದಿತೇ ನೆನೆದು ಬಂದಿತೇ ಎಂದು ಮುಟ್ಟಿ ನೋಡಬೇಕು.

ಮುಂದಿನ ಸಲ ‘ಬಂದರು’ ಪಾಠ ಹೇಳುವಾಗ ಅಧ್ಯಾಪಕ ಮಿತ್ರರು ಭೂಪಟದ ಮೇಲೆ ಹೊಸೂರಿನಿಂದ ಒಂದು ದಾರವನ್ನು ಹಿಡಿದು ಬೆಂಗಳೂರು, ಹಾಸನ, ಮಂಗಳೂರುಗಳ ಮೇಲೆ ಹಾಯಿಸಿ, ಕಡಲಿನಲ್ಲಿರುವ ಆ ಐದು ಚುಕ್ಕಿಗಳವರೆಗೆ ಎಳೆಯಲಿ. ೧೭೯೯ರಲ್ಲಿ ಈ ದಾರದ ಎರಡು ತುದಿಗಳೂ ಒಂದೇ ಕೈಯಲ್ಲಿದ್ದುವೆಂದು ಮಕ್ಕಳಿಗೆ ತಿಳಿಸಲಿ. ಆ ತುದಿಯಲ್ಲಿಯೂ ಒಂದು ಶಾಲೆಯಿದೆ. ಅಲ್ಲಿಯ ಮಕ್ಕಳು ಬೆಟ್ಟವನ್ನು ಕಂಡಿರಲಾರರು. ಅವರ ಅಧ್ಯಾಪಕರಿಗೆ ‘ಪರ್ವತ’ ಎಂಬ ಪಾಠ ಹೇಳಲು ನಮ್ಮಷ್ಟೇ ತೊಡಕಾಗುತ್ತಿರಬಹುದು.